ನಾಯಿಮರಿ ತರುವ ಮೊದಲು ಮನೆಯಲ್ಲಿ ಒಮ್ಮೆ ಅಂಬೆಗಾಲಿಡಿ

ನಾಯಿಮರಿ ತರಬೇಕು ಅಂತ ಮನಸ್ಸಾದ ತಕ್ಷಣ ಎಲ್ಲರೂ ಮೊದಲು ಹುಡುಕುವುದು ಹೆಸರು. ಆಮೇಲೆ ಬೆಲ್ಟು, ಬಟ್ಟಲು, ಮೆತ್ತನೆಯ ಹಾಸಿಗೆ. ಮನೆ ಹೇಗಿದೆ ಅಂತ ನೋಡುವುದು ಮರಿ ಬಂದ ಮೇಲೆ, ಅದೂ ಏನಾದರೂ ಎಡವಟ್ಟಾದಾಗ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಮೈಸೂರಿನ ನಮ್ಮ ಮನೆಗೆ ಬಂದ ಮೊದಲ ಮರಿ ಹನ್ನೊಂದು ದಿನ ಇತ್ತು, ಅಷ್ಟೇ. ಪಾರ್ವೋ ಅನ್ನುವ, ನಾಯಿಮರಿಗಳಿಗೆ ಬರುವ ವಾಂತಿಭೇದಿಯ ವೈರಸ್ ಕಾಯಿಲೆ ಬಂದು ತೀರಿಕೊಂಡಿತು. ಅದಾದ ಮೇಲೆ ಒಂದೂವರೆ ವರ್ಷ ಯಾವ ಮರಿಯನ್ನೂ ತರಲಿಲ್ಲ. ಆಮೇಲೆ ಬಂದವಳು ಕೆಂಚಿ. ಮಂಡ್ಯದಲ್ಲಿ ಅಜ್ಜಿ ಮನೆ ಹಿತ್ತಲಲ್ಲಿ ಹುಟ್ಟಿದ ನಾಟಿ ಮರಿ, ಈಗ ಐದು ವರ್ಷದವಳು. ಅವಳು ಬರುವ ಮುಂಚೆ ನಾವು ಮನೆಯಲ್ಲಿ ಏನೇನು ಮಾಡಿದೆವು ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ. ಬೇರೆ ದೇಶದವರು ಬರೆದ ಪಟ್ಟಿಗಳು ಎಷ್ಟು ಬೇಕಾದರೂ ಸಿಗುತ್ತವೆ, ಆದರೆ ಅದರಲ್ಲಿ ನಮ್ಮ ಸಂಪು ಇಲ್ಲ, ದೇವರ ಮನೆ ಇಲ್ಲ, ಎಲೆಅಡಿಕೆ ತಟ್ಟೆ ಇಲ್ಲ, ಕಾಂಪೌಂಡ್ ಪಕ್ಕದ ಕಣಗಿಲೆ ಗಿಡವೂ ಇಲ್ಲ. ನಮ್ಮ ಮನೆಗಳಲ್ಲಿ ಮರಿಗೆ ಅಪಾಯ ಇರುವುದೇ ಅಲ್ಲಿ.

ಒಂದು ತಿಂಗಳು ಮುಂಚೆ: ಯಾವಾಗ ತರುವುದು, ಎಷ್ಟು ದಿನದ್ದು

ಮರಿ ಕನಿಷ್ಠ 8 ವಾರ ತಾಯಿ ಜೊತೆ ಇರಬೇಕು. ಇದು ನನ್ನ ಅಭಿಪ್ರಾಯ ಅಲ್ಲ. ನಾಯಿ ಸಾಕಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲೇ 8 ವಾರ ತುಂಬದ ಮರಿಯನ್ನು ಮಾರಬಾರದು ಅಂತ ಇದೆ. ಆದರೂ 30, 35 ದಿನದ ಮರಿಗಳನ್ನು ಕೊಡುವವರು ಇದ್ದಾರೆ. ಚಿಕ್ಕದಿದ್ದಷ್ಟು ಮುದ್ದಾಗಿ ಕಾಣುತ್ತದೆ, ಬೇಗ ಹೋಗುತ್ತದೆ. ನಮ್ಮ ಮೊದಲ ಮರಿಗೆ 45 ದಿನ ಆಗಿದೆ, ಹಾಲು ಬಿಟ್ಟಿದೆ ಅಂತ ಹೇಳಿ ಕೊಟ್ಟಿದ್ದರು. ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿ, ಇದಕ್ಕೆ ಸರಿಯಾಗಿ ಒಂದು ತಿಂಗಳೂ ಆಗಿಲ್ಲ ಅಂದರು. ನೀವೂ ಹಲ್ಲು ನೋಡಿ. 8 ವಾರದ ಮರಿಗೆ 28 ಹಾಲುಹಲ್ಲುಗಳೂ ಹೆಚ್ಚುಕಡಿಮೆ ಬಂದಿರುತ್ತವೆ. ಮುಂದಿನ ನಾಲ್ಕಾರು ಹಲ್ಲು ಮಾತ್ರ ಇದ್ದು ಹಿಂದೆ ಬರೀ ಒಸಡೇ ಸಿಕ್ಕರೆ, ಹೇಳುತ್ತಿರುವ ವಯಸ್ಸು ಸುಳ್ಳು.

ಸಾಧ್ಯವಾದರೆ ತಾಯಿಯನ್ನು ನೋಡಿಯೇ ತನ್ನಿ. ತಾಯಿಯನ್ನು ತೋರಿಸೋಕೆ ಆಗಲ್ಲ, ಮರಿಯನ್ನು ಬಸ್‌ಸ್ಟ್ಯಾಂಡ್ ಹತ್ತಿರ ತಂದುಕೊಡ್ತೀವಿ ಅಂದರೆ ಬೇಡ ಅನ್ನಿ.

ದಿನ ಆರಿಸುವಾಗ ಹಬ್ಬ ನೋಡಿಕೊಳ್ಳಿ. ದಸರಾ ಹತ್ತು ದಿನ ಮೈಸೂರಿನ ಯಾವ ಮನೆಯಲ್ಲೂ ನೆಂಟರಿಗೆ ಕಡಿಮೆ ಇರಲ್ಲ. ಬಾಗಿಲು ಸದಾ ತೆರೆದಿರುತ್ತದೆ, ಬೊಂಬೆ ಕೂರಿಸಿದ್ದರೆ ಅದರ ಮೇಲೊಂದು ಕಣ್ಣು. ದೀಪಾವಳಿ ವಾರವಂತೂ ಬೇಡವೇ ಬೇಡ. ಮನೆಯಲ್ಲಿ ಒಬ್ಬರಾದರೂ ಒಂದು ವಾರ ಪೂರ್ತಿ ಇರುವ ಹಾಗೆ ರಜೆ ಹೊಂದಿಸಿಕೊಳ್ಳಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಮಾತಾಡಿ, ಮರಿ ತಂದ ಮೇಲೆ ಹೇಳಿದರಾಯಿತು ಅನ್ನಬೇಡಿ. ಆ ಜಗಳದಲ್ಲಿ ಕೊನೆಗೆ ಬೀದಿಗೆ ಬರುವುದು ಮರಿಯೇ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಒಂದು ಧೈರ್ಯ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ, ನಿವಾಸಿಗಳ ಸಂಘ ನಾಯಿ ಸಾಕಲೇಬಾರದು ಅಂತ ನಿಷೇಧ ಹಾಕುವ ಹಾಗಿಲ್ಲ.

ಇನ್ನೊಂದು ಮಾತು ಮನೆಯವರೆಲ್ಲ ಕೂತು ಆಡಬೇಕಾದದ್ದು. ಬೆಳಗ್ಗೆ 5 ಗಂಟೆಗೆ ಮರಿಯನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಊರಿಗೆ ಹೋಗಬೇಕಾದಾಗ ನೋಡಿಕೊಳ್ಳುವವರು ಯಾರು? ಇದಕ್ಕೆ ಉತ್ತರ ಸಿಗದೆ ಮರಿ ತರಬೇಡಿ. ಎಲ್ಲ ಕೊನೆಗೆ ಅಮ್ಮನ ತಲೆಗೇ ಬರುತ್ತದೆ, ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹದಿನೈದು ದಿನ ಮುಂಚೆ: ನೆಲದ ಮೇಲಿಂದ ಮನೆ ನೋಡಿ

ಮಂಡಿ ಊರಿ ಅಂಬೆಗಾಲಲ್ಲಿ ಮನೆಯೆಲ್ಲ ಒಂದು ಸುತ್ತು ಹೋಗಿ. ನಿಜವಾಗಿಯೂ ಹೋಗಿ, ಸುಮ್ನೆ ಬಗ್ಗಿ ನೋಡಿದರೆ ಸಾಲದು. ನಾನು ಹಾಗೆ ಹೋದ ದಿನ ಸೋಫಾ ಕೆಳಗೆ ಎರಡು ಹೇರ್‌ಪಿನ್, ಒಂದು ಕ್ರೋಸಿನ್ ಮಾತ್ರೆ, ದಾರ ಸಮೇತ ಒಂದು ಸೂಜಿ ಸಿಕ್ಕವು. ದಿನಾ ಗುಡಿಸುವ ಮನೆಯಲ್ಲಿ! ಮರಿ ಎಲ್ಲವನ್ನೂ ಬಾಯಿಂದಲೇ ಮುಟ್ಟಿ ನೋಡುತ್ತದೆ. ಅದಕ್ಕೆ ಕೈ ಇಲ್ಲವಲ್ಲ.

ಹಾಲ್‌ನಲ್ಲಿ ಮೊದಲು ವೈರ್‌ಗಳು. ಟಿವಿ ಹಿಂದಿನದು, ಮೊಬೈಲ್ ಚಾರ್ಜರ್, ನೆಲದ ಮೇಲೆ ಬಿದ್ದಿರುವ ಎಕ್ಸ್‌ಟೆನ್ಷನ್ ಬಾಕ್ಸ್. ಎಲ್ಲವನ್ನೂ ಗೋಡೆಗೆ ಕ್ಲಿಪ್ ಹೊಡೆದು ಮೇಲೆತ್ತಿ. ಹಾಗೆ ಆಗದ ಕಡೆ ಪೈಪಿನೊಳಗೆ ಹಾಕಿ. ಮೂರೂವರೆ, ನಾಲ್ಕು ತಿಂಗಳಿಗೆ ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುವುದಕ್ಕೆ ಶುರುವಾಗುತ್ತದೆ. ಆರೇಳು ತಿಂಗಳವರೆಗೂ ಒಸಡು ತುರಿಸುತ್ತಲೇ ಇರುತ್ತದೆ. ಆಗ ವೈರ್ ಕಚ್ಚದ ಮರಿ ಇಲ್ಲ.

ನೆಲ ಕೂಡ ನೋಡಿ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇರಲಿ, ಈಗಿನ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಇರಲಿ, ಎಲ್ಲವೂ ಮರಿಗೆ ಜಾರುತ್ತವೆ. ಕಾಲು ಅಗಲವಾಗಿ ಜಾರುತ್ತಾ ಬೆಳೆದರೆ ಕೀಲುಗಳಿಗೆ ಒಳ್ಳೆಯದಲ್ಲ, ಅದರಲ್ಲೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರ ಭಾರ ಬೆಳೆಯುವ ಜಾತಿಗಳಿಗೆ. ಮರಿ ಓಡಾಡುವ ಕಡೆ ಗೋಣಿಚೀಲ ಹಾಸಿ, ಚಾಪೆ ಬೇಡ, ಅದೂ ಜಾರುತ್ತದೆ.

ದೇವರ ಮನೆ ಅಂದರೆ ಯಾರಿಗೂ ಅಪಾಯ ನೆನಪಾಗಲ್ಲ, ಅಲ್ವಾ? ಆದರೆ ಕರ್ಪೂರ ನಾಯಿಗೆ ವಿಷ. ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ತುಪ್ಪದಲ್ಲಿ ನೆಂದ ಹೂಬತ್ತಿ ಮರಿಗೆ ತಿಂಡಿಯ ಹಾಗೆ ವಾಸನೆ ಬರುತ್ತದೆ, ನುಂಗಿಬಿಡುತ್ತದೆ. ನೆಲದಲ್ಲಿಟ್ಟ ದೀಪಕ್ಕೆ ಬಾಲ ತಾಗಿದರೂ ಸಾಕು. ನಿನ್ನೆಯ ಹೂವನ್ನು ಬಾಗಿಲ ಹಿಂದೆ ಕವರಿನಲ್ಲಿ ಇಡುವ ಅಭ್ಯಾಸ ನಮ್ಮಲ್ಲಿತ್ತು. ಅದರಲ್ಲಿ ಕಣಗಿಲೆ ಇದ್ದರೆ ಅದೂ ವಿಷವೇ. ಬಾಗಿಲಿಲ್ಲದ ದೇವರ ಮನೆಯಾದರೆ ಅಡ್ಡ ಒಂದು ಹಲಗೆ ಇಡಿ. ದೀಪವನ್ನು ಮೇಲಿನ ಕಟ್ಟೆಗೆ ಎತ್ತಿ.

ಮನೆಯಲ್ಲಿ ಹಿರಿಯರಿದ್ದರೆ ಎಲೆಅಡಿಕೆ ತಟ್ಟೆ. ನಾವು ಕೆಂಚಿಗೆ ಅಂತ ಮನೆ ಸರಿ ಮಾಡುತ್ತಿದ್ದಾಗ ಅಜ್ಜಿ ಮೈಸೂರಿಗೆ ಬಂದಿದ್ದರು. ತಟ್ಟೆ ಎತ್ತಿಡಬೇಕು ಅಂದಿದ್ದಕ್ಕೆ, "ಏನ್ ಮಗ, ನಾಯ್ ಎಲ್ಲಾದ್ರೂ ಅಡ್ಕೆ ಮೆಲ್ತದಾ?" ಅಂತ ಕೇಳಿದರು. ಮೆಲ್ಲುವುದಿಲ್ಲ, ನುಂಗುತ್ತದೆ. ಸುಣ್ಣ ನಾಲಿಗೆ, ಗಂಟಲು ಸುಡುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಚಿಕ್ಕ ಮರಿಗೆ ಸ್ವಲ್ಪ ಹೋದರೂ ಕಷ್ಟ. ಅಡಿಕೆಯೂ ಹೆಚ್ಚಾದರೆ ವಾಂತಿ, ಜೊಲ್ಲು, ನಡುಕ ತರುತ್ತದೆ. ಇಷ್ಟು ವಿವರಿಸಿ ಹೇಳಿದ ಮೇಲೆ ಅಜ್ಜಿಯೇ ಒಂದು ಮುಚ್ಚಳದ ಡಬ್ಬ ಹುಡುಕಿಕೊಂಡರು, ಊರಿಗೆ ಹೋದ ಮೇಲೂ ಅದೇ ಡಬ್ಬದಲ್ಲೇ ಇಡುತ್ತಿದ್ದಾರೆ.

ಅಡುಗೆ ಮನೆಯಲ್ಲಿ ಈರುಳ್ಳಿ ಬುಟ್ಟಿ ಸಾಮಾನ್ಯವಾಗಿ ಕಟ್ಟೆ ಕೆಳಗೇ ಇರುತ್ತದೆ. ಮೇಲೆತ್ತಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ತೊಂದರೆ ಅವತ್ತೇ ಕಾಣಲ್ಲ, ನಾಲ್ಕೈದು ದಿನ ಬಿಟ್ಟು ಮರಿ ಸುಸ್ತಾಗಿ ಒಸಡು ಬಿಳಿಚಿಕೊಂಡಾಗ ಗೊತ್ತಾಗುತ್ತದೆ. ಹಾಗಾಗಿ ಸಾರು, ಹುಳಿ, ಬಿಸಿಬೇಳೆಬಾತ್ ಉಳಿದದ್ದನ್ನು ಮರಿಗೆ ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತವೆ. ಪಾಯಸ, ಲಾಡು, ಕೇಸರಿಬಾತ್ ಎಲ್ಲದರಲ್ಲೂ ಒಣದ್ರಾಕ್ಷಿ ಇರುತ್ತದೆ ಅನ್ನುವುದು ನೆನಪಿರಲಿ. ಚಾಕೊಲೇಟ್ ಬೇಡ ಅಂತ ಎಲ್ಲರಿಗೂ ಗೊತ್ತು, ಮಕ್ಕಳಿಗೆ ಮಾತ್ರ ಮತ್ತೆ ಮತ್ತೆ ಹೇಳಬೇಕು. ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಇರಲಿ. ಮಾವಿನ ಓಟೆ, ಮುಸುಕಿನ ಜೋಳದ ದಿಂಡು, ಬೆಂದ ಕೋಳಿ ಮೂಳೆ ಇವು ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಮಂಡ್ಯ ಕಡೆಯವರು ಕಬ್ಬು ಅಗಿದು ಉಗಿದ ಸಿಪ್ಪೆಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ಸಿಹಿ ಇರುತ್ತದಲ್ಲ, ಮರಿ ಬಿಡುವುದಿಲ್ಲ.

ಬಚ್ಚಲಲ್ಲಿ ತುಂಬಿಟ್ಟ ಬಕೆಟ್‌ಗೆ ಮುಚ್ಚಳ ಬೇಕು. ಟಾಯ್ಲೆಟ್ ಆಸಿಡ್, ಫಿನಾಯಿಲ್ ಕಪಾಟಿನ ಒಳಗೆ. ಬೀರುವಿನ ನುಸಿಗುಳಿಗೆ, ಇಲಿ ಪಾಷಾಣ, ಸೊಳ್ಳೆ ಔಷಧಿ, ಮಾತ್ರೆಗಳ ಡಬ್ಬ, ಮಕ್ಕಳ ರಬ್ಬರ್, ಕಾಲುಚೀಲ ಇವೆಲ್ಲ ಒಂದು ಸೊಂಟದೆತ್ತರಕ್ಕೆ ಏರಿದರೆ ಮುಗಿಯಿತು. ಇಲಿ ಪಾಷಾಣ ಮಾತ್ರ ಮನೆಯಿಂದಲೇ ಹೊರಗೆ ಹೋಗಲಿ, ಅಟ್ಟದಲ್ಲೂ ಬೇಡ. ಅದನ್ನು ತಿಂದ ಇಲಿ ಕೆಳಗೆ ಬಂದು ಸತ್ತರೆ ಮರಿ ಅದನ್ನೇ ಕಚ್ಚಬಹುದು.

ಹೊರಗೆ: ಸಂಪು, ಗೇಟು, ಗಿಡ

ನನ್ನನ್ನು ಕೇಳಿದರೆ ಮನೆಯೊಳಗಿಗಿಂತ ಹೊರಗಿನ ಕೆಲಸ ಮುಖ್ಯ.

ಸಂಪಿನಿಂದ ಶುರು ಮಾಡಿ. ನಮ್ಮ ಕಡೆ ನಲ್ಲಿ ನೀರು ಬಿಡುವ ಹೊತ್ತಿಗೆ ಸಂಪಿನ ಮುಚ್ಚಳ ತೆರೆದು ನೀರು ಎಷ್ಟು ಬಂತು ಅಂತ ನೋಡುವುದು, ಹಾಗೇ ಬಿಟ್ಟು ಒಳಗೆ ಕಾಫಿಗೆ ಹೋಗುವುದು ಎಲ್ಲರಿಗೂ ಅಭ್ಯಾಸ. ಮರಿಗೆ ಒಂದೇ ನಿಮಿಷ ಸಾಕು. ಒಳಗಿನ ಗೋಡೆ ನುಣ್ಣಗಿರುತ್ತದೆ, ಹತ್ತಿ ಬರೋಕೆ ಆಗಲ್ಲ, ಕೂಗಿದರೂ ಮನೆಯೊಳಗೆ ಕೇಳಲ್ಲ. ತುಕ್ಕು ಹಿಡಿದ ತಗಡಿನ ಮುಚ್ಚಳ ಇದ್ದರೆ ಬದಲಾಯಿಸಿ. ಬೀಗ ಇಲ್ಲದಿದ್ದರೆ ಚಿಲಕ ಹಾಕಿಸಿ. ನೀರು ನೋಡುವವರು ಮುಚ್ಚಿದ ಮೇಲೆಯೇ ಒಳಗೆ ಬರಬೇಕು ಅಂತ ಮನೆಯಲ್ಲಿ ಒಂದು ನಿಯಮ ಮಾಡಿ. ನಮ್ಮಲ್ಲಿ ಇದಕ್ಕೆ ವಿನಾಯಿತಿ ಇಲ್ಲ.

ಗೇಟಿನ ಕೆಳಗೆ, ಸರಳುಗಳ ನಡುವೆ ನಿಮ್ಮ ಮುಷ್ಟಿ ತೂರಿಸಿ ನೋಡಿ. ಮುಷ್ಟಿ ಹೋದರೆ ಮರಿಯ ತಲೆಯೂ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿ ಗೂಡಿಗೆ ಹಾಕುವ ಜಾಲರಿ ಸಿಗುತ್ತದೆ, ಎರಡಡಿ ಎತ್ತರಕ್ಕೆ ಒಳಗಡೆಯಿಂದ ತಂತಿಯಲ್ಲಿ ಬಿಗಿದರೆ ಸಾಕು. ತಂತಿಯ ತುದಿ ಹೊರಗಡೆಗೆ ಮಡಚಿ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಬೀದಿ ನಾಯಿ ಬಂದು ಗೇಟಿನ ಸಂದಿಯಲ್ಲಿ ಮೂಗಿಗೆ ಮೂಗು ತಾಗಿಸಿದರೆ ಡಿಸ್ಟೆಂಪರ್ ಥರದ ಕಾಯಿಲೆ ಹರಡಬಹುದು, ಲಸಿಕೆಯ ಇಂಜೆಕ್ಷನ್ ಕೋರ್ಸ್ ಮುಗಿಯುವವರೆಗೆ ಆ ಪರಿಚಯ ಬೇಡ. ತಾರಸಿ ಮೆಟ್ಟಿಲಿಗೆ, ಬಾಲ್ಕನಿ ಕಂಬಿಗೂ ಇದೇ ಜಾಲರಿ ಬಳಸಬಹುದು.

ಗಿಡಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೂಜೆಗೆ ಅಂತ ಮುಂದೆಯೇ ಬೆಳೆಸುವ ಕಣಗಿಲೆ, ಬಿಳಿ, ಗುಲಾಬಿ, ಹಳದಿ ಯಾವುದೇ ಇರಲಿ, ಎಲೆ, ಹೂ, ಕಡ್ಡಿ, ಬೀಜ ಎಲ್ಲವೂ ಹೃದಯಕ್ಕೆ ವಿಷ. ಒಣಗಿ ಉದುರಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಕುಂಡದಲ್ಲಿದ್ದರೆ ತಾರಸಿಗೆ ಸಾಗಿಸಿ, ನೆಲದಲ್ಲಿದ್ದರೆ ಸುತ್ತ ಬೇಲಿ ಹಾಕಿ ಕೆಳಗೆ ದಿನಾ ಗುಡಿಸಿ. ಉಮ್ಮತ್ತಿ, ಹರಳು ಗಿಡದ ಬೀಜ, ಗುಲಗಂಜಿ, ಅಲಂಕಾರಕ್ಕೆ ಇಡುವ ಸೈಕಸ್, ಡೈಫನ್‌ಬೇಕಿಯಾ ಇವೂ ಬೇಡ. ತುಳಸಿ, ದಾಸವಾಳ, ಮಲ್ಲಿಗೆಗೆ ಹೆದರಬೇಕಿಲ್ಲ. ಕುಂಡಕ್ಕೆ ಹಾಕುವ ಮೂಳೆ ಗೊಬ್ಬರದ ವಾಸನೆಗೆ ಮರಿ ಮಣ್ಣನ್ನೇ ತಿನ್ನುತ್ತದೆ, ಒಂದಷ್ಟು ದಿನ ಅದನ್ನು ನಿಲ್ಲಿಸಿ. ಹಳ್ಳಿ ಮನೆಯಾದರೆ ಗದ್ದೆಗೆ ಹಾಕುವ ಹರಳು ಹರಳಾದ ಕೀಟನಾಶಕ, ಯೂರಿಯಾ, ಸ್ಪ್ರೇ ಡಬ್ಬಗಳು ಜಗಲಿ ಮೂಲೆಯಲ್ಲಿ ಇರಕೂಡದು. ಖಾಲಿಯಾದ ಡಬ್ಬವೂ ಅಷ್ಟೇ.

ತೆಂಗಿನ ಗರಿ, ಮಟ್ಟೆ, ಸೌದೆ, ಒಡೆದ ಹೆಂಚು ರಾಶಿ ಹಾಕಿದ್ದರೆ ತೆಗೆಸಿ. ಅಲ್ಲಿ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಮೊದಲ ಮಳೆ ಬಿದ್ದಾಗ ಹಿತ್ತಲಿಗೆ ಬರುವ ಕಪ್ಪೆಗಳನ್ನೂ ಮರಿ ಬಾಯಿಗೆ ಹಾಕಿಕೊಳ್ಳುತ್ತದೆ. ಒರಟು ಚರ್ಮದ ನೆಲಗಪ್ಪೆಯ ಮೈಯಲ್ಲಿ ವಿಷ ಇರುತ್ತದೆ, ಬಾಯಲ್ಲಿ ನೊರೆ ಬಂದರೆ ತಲೆಯನ್ನು ಕೆಳಗೆ ಬಾಗಿಸಿ, ನೀರು ಗಂಟಲಿಗೆ ಇಳಿಯದ ಹಾಗೆ ಪಕ್ಕದಿಂದ ಬಾಯಿ ತೊಳೆದು ಡಾಕ್ಟರ್ ಹತ್ತಿರ ಓಡಿ. ಕಾರಿದ್ದರೆ ಸ್ಟಾರ್ಟ್ ಮಾಡುವ ಮುಂಚೆ ಕೆಳಗೆ ಬಗ್ಗಿ ನೋಡುವ ರೂಢಿ ಮಾಡಿಕೊಳ್ಳಿ. ಮಧ್ಯಾಹ್ನ ಮರಿ ಮಲಗುವುದೇ ಆ ನೆರಳಿನಲ್ಲಿ. ಎಂಜಿನ್ ಕೂಲಂಟ್ ನೆಲಕ್ಕೆ ಸೋರಿದ್ದರೆ ಒರೆಸಿ, ಅದು ಸಿಹಿ, ಆದರೆ ಕಿಡ್ನಿಗೆ ಘೋರ ವಿಷ.

ಫಿನಾಯಿಲ್ ಮತ್ತು ಪಾರ್ವೋ

ಇದನ್ನು ಬೇರೆಯಾಗಿ ಬರೆಯಲೇಬೇಕು. ಮೊದಲ ಮರಿ ಹೋದ ಮೇಲೆ ನಾವು ಮನೆಯನ್ನೆಲ್ಲ ಫಿನಾಯಿಲ್ ಹಾಕಿ ಮೂರು ಸಲ ಒರೆಸಿದೆವು. ಕ್ಲೀನ್ ಆಯಿತು ಅಂದುಕೊಂಡೆವು. ಪಾರ್ವೋ ವೈರಸ್ ಫಿನಾಯಿಲ್‌ಗೆ ಸಾಯುವುದಿಲ್ಲ. ಡೆಟಾಲ್‌ಗೂ ಇಲ್ಲ. ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನೆರಳು, ತೇವ ಇರುವ ಕಡೆ ಇನ್ನೂ ಜಾಸ್ತಿ. ನಮ್ಮ ಚಪ್ಪಲಿ ಹಿಡಿದುಕೊಂಡೇ ಬೀದಿಯಿಂದ ಮನೆಯೊಳಗೆ ಬರುತ್ತದೆ.

ಅದಕ್ಕೆ ಬೇಕಾದದ್ದು ಬ್ಲೀಚ್. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್, ಅಂದರೆ ಸುಮಾರು 5 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್, ಒಂದು ಅಳತೆಗೆ 30 ಅಳತೆ ನೀರು. ಮೊದಲು ನೆಲವನ್ನು ಸೋಪುನೀರಿನಲ್ಲಿ ಉಜ್ಜಿ ತೊಳೆಯಿರಿ, ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡಲ್ಲ. ಆಮೇಲೆ ಈ ನೀರು ಹಾಕಿ 10 ನಿಮಿಷ ಒದ್ದೆಯಾಗೇ ಬಿಡಿ. ನಂತರ ಬರೀ ನೀರಿನಲ್ಲಿ ತೊಳೆದು ಕಿಟಕಿ ತೆರೆದು ಒಣಗಿಸಿ. ಟಾಯ್ಲೆಟ್ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮಣ್ಣಿನ ಅಂಗಳವನ್ನು ಹೀಗೆ ತೊಳೆಯೋಕೆ ಆಗಲ್ಲ, ಬಿಸಿಲು ಬೀಳಲು ಬಿಡುವುದು, ಕಾಯುವುದು ಅಷ್ಟೇ ದಾರಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ವರ್ಷದೊಳಗೆ ಪಾರ್ವೋದಿಂದ ಮರಿ ಹೋಗಿದ್ದರೆ, ಇಂಜೆಕ್ಷನ್ ಕೋರ್ಸ್ ಪೂರ್ತಿ ಮುಗಿದ ಮರಿಯನ್ನೇ ತನ್ನಿ. ಮನಸ್ಸು ತಡೆಯಲ್ಲ, ಗೊತ್ತು. ಆದರೂ ಕಾಯಿರಿ.

ಮರಿ ಬಂದ ಮೇಲೆ ನೆಲ ಒರೆಸೋಕೆ ಫಿನಾಯಿಲ್ ಬಿಟ್ಟುಬಿಡಿ. ಮರಿ ನೆಲ ನೆಕ್ಕುತ್ತದೆ, ಪಾದ ನೆಕ್ಕುತ್ತದೆ. ಬರೀ ನೀರು ಅಥವಾ ಚೂರು ಸೋಪು ಸಾಕು. ಮನೆಕೆಲಸಕ್ಕೆ ಬರುವ ಅಕ್ಕನಿಗೂ ಇದನ್ನು ಮೊದಲೇ ಬಿಡಿಸಿ ಹೇಳಿ. ಹೊರಗಿನ ಚಪ್ಪಲಿ ಗೇಟಿನ ಹತ್ತಿರವೇ ಇರಲಿ.

ಒಂದು ವಾರ ಮುಂಚೆ: ಮರಿಗೊಂದು ಮೂಲೆ

ಮನೆಯವರು ಕಣ್ಣಿಗೆ ಬೀಳುವ, ಆದರೆ ಕಾಲಿಗೆ ಅಡ್ಡ ಸಿಗದ ಒಂದು ಮೂಲೆ ಆರಿಸಿ. ಹಾಲ್‌ನ ಪಕ್ಕ ಚೆನ್ನಾಗಿರುತ್ತದೆ. ತಾರಸಿ, ಗ್ಯಾರೇಜ್, ಮೆಟ್ಟಿಲ ಕೆಳಗೆ ಬೇಡ. ಸುತ್ತ ಕಟ್ಟಲು ಅಂಗಡಿಯ ದುಬಾರಿ ಬೇಲಿ ಬೇಕಿಲ್ಲ. ಮೈಸೂರಿನ ಬಂಬೂ ಬಜಾರ್ ಕಡೆ ಹೋದರೆ ಬಿದಿರು ತಟ್ಟಿ ಮಾಡಿಕೊಡುತ್ತಾರೆ, ಎರಡೂವರೆ ಅಡಿ ಎತ್ತರದ ನಾಲ್ಕು ತಟ್ಟಿ ಸೇರಿಸಿ ಕಟ್ಟಿದರೆ ಆಯಿತು. ಸೀಳು ಎದ್ದಿರುವ ಕಡೆ ಉಜ್ಜಿ ನುಣ್ಣಗೆ ಮಾಡಿ. ಒಳಗೆ ಗೋಣಿಚೀಲ, ಅದರ ಮೇಲೆ ಹಳೆ ಹತ್ತಿ ಸೀರೆ ಮಡಚಿ ಹಾಸಿ. ಡಿಸೆಂಬರ್, ಜನವರಿಯಾದರೆ ಒಂದು ಕಂಬಳಿ. ಬೇಸಿಗೆಯಾದರೆ ಮಧ್ಯಾಹ್ನದ ಬಿಸಿಲು ಬೀಳದ ಕಡೆಗೆ ಜಾಗ ಬದಲಿಸಿ. ಎರಡು ಸ್ಟೀಲ್ ಬಟ್ಟಲು, ಒಂದು ಹಗುರ ಬೆಲ್ಟು, ಕಚ್ಚೋಕೆ ಗಟ್ಟಿ ರಬ್ಬರ್ ಆಟಿಕೆ ಒಂದೆರಡು. ಹಳೆ ಚಪ್ಪಲಿ ಕೊಡಬೇಡಿ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಅದಕ್ಕೆ ಗೊತ್ತಾಗಲ್ಲ, ಆಮೇಲೆ ಬೈದರೆ ತಪ್ಪು ನಮ್ಮದೇ.

ಗೋಡೆ ಬಿರುಕುಗಳಿಗೆ ಸಿಮೆಂಟ್ ಮೆತ್ತಿಸಿ. ಉಣ್ಣೆ ಹುಳ ಮೊಟ್ಟೆ ಇಡುವುದು ಅಲ್ಲಿ, ನಾಯಿ ಮೈಮೇಲೆ ಅಲ್ಲ. ನಮ್ಮ ಕಡೆ ಉಣ್ಣೆ ಜ್ವರ ಸಾಮಾನ್ಯ. ಮರಿಗೆ ಯಾವ ಉಣ್ಣೆ ಔಷಧಿ ಯಾವ ವಯಸ್ಸಿಗೆ ಅಂತ ಡಾಕ್ಟರೇ ಹೇಳಬೇಕು. ಹಸುವಿಗೆ ತಂದಿಟ್ಟ ಉಣ್ಣೆ ಔಷಧಿಯನ್ನು ಮರಿಗೆ ಹಚ್ಚುವುದನ್ನು ಹಳ್ಳಿಗಳಲ್ಲಿ ಕಂಡಿದ್ದೇನೆ, ದಯವಿಟ್ಟು ಬೇಡ.

ಡಾಕ್ಟರನ್ನೂ ಈ ವಾರವೇ ಗೊತ್ತು ಮಾಡಿಕೊಳ್ಳಿ. ಮನೆ ಹತ್ತಿರದ ಪಶು ಆಸ್ಪತ್ರೆ ಅಥವಾ ಕ್ಲಿನಿಕ್, ಜೊತೆಗೆ ರಾತ್ರಿ ಹೊತ್ತು ನೋಡುವವರ ಇನ್ನೊಂದು ನಂಬರ್. ಎರಡನ್ನೂ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿ. ಮರಿ ಏನಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ತಿಂದ ವಸ್ತುವಿನ ಕವರ್ ಸಮೇತ ನೇರ ಕರೆದುಕೊಂಡು ಹೋಗಿ.

ಇಂಜೆಕ್ಷನ್ ಲೆಕ್ಕ ಹೀಗಿದೆ. 6ರಿಂದ 8 ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ. ಪಾರ್ವೋ, ಡಿಸ್ಟೆಂಪರ್ ಎಲ್ಲ ಇದರಲ್ಲೇ ಬರುತ್ತವೆ. ಇಲಿ ಮೂತ್ರದಿಂದ ಹರಡುವ ಲೆಪ್ಟೋಸ್ಪೈರಾಕ್ಕೂ ಸೇರಿಸಿ ಅಂತ ಕೇಳಿ, ಮಳೆಗಾಲದಲ್ಲಿ ಮುಖ್ಯ. ರೇಬಿಸ್ ಇಂಜೆಕ್ಷನ್ 3 ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಬೂಸ್ಟರ್. ಜಂತುಹುಳದ ಔಷಧಿ 3 ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ರೇಬಿಸ್ ಇಂಜೆಕ್ಷನ್ ಆಗದ ಮರಿಯ ಹಲ್ಲು ಆಟದಲ್ಲಿ ತಾಗಿ ರಕ್ತ ಬಂದರೂ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಮರಿ ತಾನೆ ಅಂತ ಬಿಡಬೇಡಿ.

ಊಟ

ಅದು ಇದ್ದ ಕಡೆ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಕೊಡಿ. ಬದಲಿಸುವುದಾದರೆ ಏಳರಿಂದ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬದಲಿಸಿ. 3 ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, 6 ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು. ಹಸುವಿನ ಹಾಲು ಬಟ್ಟಲು ತುಂಬ ಕುಡಿಸಿದರೆ ಬಹಳ ಮರಿಗಳಿಗೆ ಭೇದಿ ಆಗುತ್ತದೆ, ಮೊಸರು ಅಷ್ಟು ತೊಂದರೆ ಕೊಡಲ್ಲ. ಮಂಡ್ಯದಲ್ಲಿ ನಾಯಿಗೂ ಮುದ್ದೆ ಹಾಕಿಯೇ ಸಾಕುವುದು. ರಾಗಿ ಕೆಟ್ಟದ್ದೇನಲ್ಲ, ಆದರೆ ಬೆಳೆಯುವ ಮರಿಗೆ ಬರೀ ರಾಗಿ, ಅನ್ನ ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಜೊತೆಗೆ ಬೇಕು. ಮಾಂಸ ಮಾಡದ ಮನೆಯಾದರೆ ಅಂಗಡಿಯ ಪಪ್ಪಿ ಆಹಾರವೇ ಸುಲಭ, ಅದರಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಕ್ಯಾಲ್ಸಿಯಂ ಟಾನಿಕ್ ನೀವಾಗಿಯೇ ತಂದು ಕುಡಿಸಬೇಡಿ. ದೊಡ್ಡ ಜಾತಿಯ ಮರಿಗೆ ಅದು ಹೆಚ್ಚಾದರೂ ಮೂಳೆ ಸರಿಯಾಗಿ ಬೆಳೆಯಲ್ಲ.

ಆ ದಿನ, ಆ ರಾತ್ರಿ

ಬೆಳಗ್ಗೆ ಹೋಗಿ ತನ್ನಿ, ಕತ್ತಲಾಗುವ ಹೊತ್ತಿಗೆ ಮರಿಗೆ ಮನೆ ಸ್ವಲ್ಪ ಪರಿಚಯ ಆಗಿರಬೇಕು. ಹೋಗುವಾಗ ಒಂದು ಹಳೆ ಟವೆಲ್ ತೆಗೆದುಕೊಂಡು ಹೋಗಿ ತಾಯಿಯ ಮೈಗೆ, ಬೇರೆ ಮರಿಗಳಿಗೆ ಚೆನ್ನಾಗಿ ಉಜ್ಜಿಕೊಂಡು ಬನ್ನಿ. ಖರ್ಚಿಲ್ಲದ ಇಂಥ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ. ಮಂಡ್ಯದಿಂದ ಬರುವಾಗ ಕೆಂಚಿ ದಾರಿಯುದ್ದಕ್ಕೂ ಆ ಟವೆಲ್‌ನಲ್ಲಿ ಮೂಗು ಹುದುಗಿಸಿ ಮಲಗಿದ್ದಳು. ಹೊರಡುವ ಮುಂಚೆ ಹೊಟ್ಟೆ ತುಂಬ ಊಟ ಹಾಕಿಸಬೇಡಿ, ವಾಂತಿ ಮಾಡಿಕೊಳ್ಳುತ್ತದೆ.

ಮನೆಗೆ ಬಂದ ಕೂಡಲೇ ಮೊದಲು ಕಕ್ಕಸಿಗೆ ಅಂತ ಗುರುತು ಮಾಡಿದ ಜಾಗದಲ್ಲಿ ಇಳಿಸಿ. ಆಮೇಲೆ ಒಳಗೆ. ಬೀದಿಯವರೆಲ್ಲ ನೋಡೋಕೆ ಬರುತ್ತಾರೆ, ನಾಳೆ ಬನ್ನಿ ಅನ್ನಿ. ಮಕ್ಕಳಿಗೆ ನೆಲದಲ್ಲಿ ಕೂತು ಮುಟ್ಟಲು ಹೇಳಿ, ಮುಂಗಾಲು ಹಿಡಿದು ಎತ್ತಬಾರದು, ಮಲಗಿದ್ದಾಗ ಎಬ್ಬಿಸಬಾರದು. ದಿನಕ್ಕೆ 18 ಗಂಟೆ ನಿದ್ದೆ ಮಾಡುವ ಜೀವ ಅದು.

ರಾತ್ರಿ ಅಳುತ್ತದೆ. ಅಲ್ಲಿಯವರೆಗೆ ಒಂದು ರಾತ್ರಿಯೂ ಒಂಟಿಯಾಗಿ ಮಲಗಿಲ್ಲ ಅದು. ಅಳಲಿ ಬಿಡಿ, ಅಭ್ಯಾಸ ಆಗುತ್ತದೆ ಅಂತ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಬಿಡುವವರ ಮಾತು ನಾನು ಒಪ್ಪಲ್ಲ. ಅದರ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕ ಎಳೆದುಕೊಳ್ಳಿ. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಅತ್ತಾಗ ಕೈ ಕೆಳಗೆ ಇಳಿಬಿಟ್ಟರೆ ಸಾಕು, ಎತ್ತಿಕೊಳ್ಳಬೇಕಿಲ್ಲ. ಮೂರ್ನಾಲ್ಕು ರಾತ್ರಿ. ಆಮೇಲೆ ದಿನಾ ಒಂದೊಂದು ಅಡಿ ಅದರ ಮೂಲೆ ಕಡೆಗೆ ಸರಿಸುತ್ತಾ ಹೋಗಿ.

ಉಚ್ಚೆ ವಿಷಯಕ್ಕೆ ಒಂದು ಅಂದಾಜು: ಎರಡು ತಿಂಗಳ ಮರಿ ಜಾಸ್ತಿ ಅಂದರೆ ಮೂರು ಗಂಟೆ ತಡೆಯಬಹುದು, ಮೂರು ತಿಂಗಳದ್ದು ನಾಲ್ಕು ಗಂಟೆ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಮೇಲೆ ಆ ಗುರುತು ಮಾಡಿದ ಜಾಗಕ್ಕೆ ಕರೆದುಕೊಂಡು ಹೋಗಿ, ಮಾಡಿದ ಕ್ಷಣವೇ ಮುದ್ದು ಮಾಡಿ. ಒಳಗೆ ಮಾಡಿದರೆ ಸುಮ್ಮನೆ ಒರೆಸಿ. ಮೂಗು ಹಿಡಿದು ಅದರಲ್ಲಿ ತಿಕ್ಕುವುದು ಕ್ರೂರ, ಅದರಿಂದ ಮರಿ ಕಲಿಯುವುದು ನಿಮಗೆ ಹೆದರಿ ಮಂಚದ ಕೆಳಗೆ ಮಾಡುವುದನ್ನು ಮಾತ್ರ.

ಶಬ್ದದ ಅಭ್ಯಾಸ

ದಸರಾ ಮುಂಚೆ ಮೈಸೂರಿನಲ್ಲಿ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಮಾಡಿಸುವುದನ್ನು ನೀವು ನೋಡಿರುತ್ತೀರಿ. ಜಂಬೂಸವಾರಿ ದಿನ 21 ಸುತ್ತು ತೋಪು ಹಾರಿದಾಗ ಬೆದರಬಾರದು ಅಂತ ಮುಂಚಿನಿಂದಲೇ ಆ ಸದ್ದನ್ನು ಕೇಳಿಸಿ ಅಭ್ಯಾಸ ಮಾಡಿಸುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೇ ಅಭ್ಯಾಸ ಬೇಕು ಅಂದಮೇಲೆ ಅಂಗೈಯಷ್ಟಿನ ಮರಿಗೆ ಬೇಡವೇ? ಮರಿ ಲೋಕವನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸು ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ. ತೊಂದರೆ ಏನೆಂದರೆ ಇಂಜೆಕ್ಷನ್ ಕೋರ್ಸ್ ಮುಗಿಯದೆ ಬೀದಿಯ ನೆಲಕ್ಕೆ ಬಿಡುವ ಹಾಗಿಲ್ಲದ ವಯಸ್ಸೂ ಅದೇ.

ಹಾಗಾಗಿ ಎತ್ತಿಕೊಂಡು ಹೋಗಿ. ದಿನಾ ಹತ್ತು ನಿಮಿಷ. ಹಾಲಿನ ಬೂತ್, ಆಟೋ ಸ್ಟ್ಯಾಂಡ್, ಹೂ ಮಾರುವವರು, ದೇವಸ್ಥಾನದ ಗಂಟೆ ದೂರದಿಂದ, ಹೆಲ್ಮೆಟ್ ಹಾಕಿದವರು, ಗಡ್ಡ ಇರುವವರು, ಕೋಲು ಹಿಡಿದ ತಾತ. ಮನೆಯಲ್ಲಿ ಕುಕ್ಕರ್ ಕೂಗುವಾಗ, ಮಿಕ್ಸಿ ತಿರುಗುವಾಗ ಒಂದು ಚೂರು ತಿನ್ನಲು ಕೊಡಿ. ಪಟಾಕಿ ಸದ್ದನ್ನು ಮೊಬೈಲ್‌ನಲ್ಲಿ ಕೇಳೀ ಕೇಳದ ಹಾಗೆ ಹಾಕಿ ಊಟ ಹಾಕಿ, ವಾರಕ್ಕಿಷ್ಟು ಅಂತ ಸದ್ದು ಏರಿಸಿ. ಕಿವಿ ಹಿಂದಕ್ಕೆ ಹೋಗಿ ಬಾಲ ಒಳಗೆ ಸೇರಿತು ಅಂದರೆ ಅವತ್ತಿಗೆ ಸಾಕು, ಮಾರನೇ ದಿನ ಇನ್ನೂ ಮೆಲ್ಲಗೆ ಶುರು ಮಾಡಿ. ಕೊನೆಯ ಇಂಜೆಕ್ಷನ್ ಆಗಿ ಎರಡು ವಾರ ಕಳೆದ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿಡಿ. ಗೇಟಿನಾಚೆ ಮರಿಯನ್ನು ಅದರ ಕಾಲ ಮೇಲೆ ನಡೆಸಿಕೊಂಡು ಹೋಗುವುದು ಅವತ್ತು.